ಅಂಟಿಸಿದ ನಂಬರ್ ಪ್ಲೇಟ್ ಬಿಡಿಸುವ ಕಿಟ್: ಅರ್ಧ ಕೆಲಸಕ್ಕೆ ಬಂತು, ಅರ್ಧ ಕಸಕ್ಕೆ ಹೋಯಿತು

ಇಂಗ್ಲೆಂಡಿನಲ್ಲಿ ಕಾರು ಇಟ್ಟುಕೊಂಡಿರುವ ನಮ್ಮಲ್ಲಿ ಹೆಚ್ಚಿನವರು ತಮ್ಮ ಕಾರಿನ ನಂಬರ್ ಪ್ಲೇಟನ್ನು ತೊಳೆಯುವುದಕ್ಕಲ್ಲದೆ ಇನ್ನಾವುದಕ್ಕೂ ಮುಟ್ಟಿರುವುದಿಲ್ಲ. ಸ್ಕ್ರೂ ಇಲ್ಲ, ಚೌಕಟ್ಟು ಇಲ್ಲ, ಆದರೂ ಪ್ಲೇಟ್ ಬಂಪರಿನ ಮೇಲೆ ಹೇಗೆ ನಿಂತಿದೆ ಎಂಬ ಪ್ರಶ್ನೆ ಏಳುವುದು ಅದನ್ನು ತೆಗೆಯಬೇಕಾಗಿ ಬಂದ ದಿನ ಮಾತ್ರ. ನನಗೆ ಆ ದಿನ ಬಂದದ್ದು ಹೋದ ವರ್ಷ ನವೆಂಬರಿನಲ್ಲಿ, ಕಾರು ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ಎಂಒಟಿ ತಪಾಸಣೆಯಲ್ಲಿ. ಏಳು ವರ್ಷ ಹಳೆಯದಾದ ನನ್ನ ಕಾರಿನ ಹಿಂದಿನ ಪ್ಲೇಟಿನ ಪದರಗಳ ನಡುವೆ ನೀರು ಇಳಿದು, ಎಡ ಮೂಲೆಯಿಂದ ಮಬ್ಬು ಹರಡುತ್ತಾ ಮೊದಲ ಅಕ್ಷರದ ಅಂಚನ್ನು ಮುಟ್ಟಿತ್ತು. ತಪಾಸಣೆ ಮಾಡಿದವರು ಕಾರನ್ನು ಪಾಸು ಮಾಡಿದರಾದರೂ, ಮುಂದಿನ ವರ್ಷದೊಳಗೆ ಪ್ಲೇಟ್ ಬದಲಿಸಿಕೊಳ್ಳಿ ಎಂದು ಸಲಹೆಯ ಕಾಲಮ್ಮಿನಲ್ಲಿ ಬರೆದುಕೊಟ್ಟರು. ಅಕ್ಷರಗಳು ಸರಿಯಾಗಿ ಓದಲು ಬಾರದಿದ್ದರೆ ಅಥವಾ ಪ್ಲೇಟ್ ಸಡಿಲವಾಗಿದ್ದರೆ ಎಂಒಟಿಯಲ್ಲಿ ಫೇಲ್ ಮಾಡಬಹುದು; ಓದಲಾಗದ ಪ್ಲೇಟ್ ಹಾಕಿಕೊಂಡು ಓಡಿಸಿದರೆ 1000 ಪೌಂಡಿನವರೆಗೂ ದಂಡ ಬೀಳಬಹುದು. ಹಿಂದಿನದು ಹೋದ ಮೇಲೆ ಮುಂದಿನದು ಮಾತ್ರ ಹಳೆಯದೇಕೆ ಎಂದು ಎರಡನ್ನೂ ಬದಲಿಸುವುದೆಂದು ತೀರ್ಮಾನಿಸಿದೆ.

ಈ ಕೆಲಸವನ್ನು ಗ್ಯಾರೇಜಿಗೆ ಕೊಡದೆ ನಾನೇ ಮಾಡಲು ಹೊರಟಿದ್ದಕ್ಕೆ ಒಂದು ಹಳೆಯ ನೋವು ಕಾರಣ. ಹಿಂದಿನ ಕಾರಿನಲ್ಲಿ ಮುಂದಿನ ಪ್ಲೇಟ್ ಬಿರುಕು ಬಿಟ್ಟಾಗ ಮನೆಯ ಹತ್ತಿರದ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ಚಪ್ಪಟೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಪ್ಲೇಟಿನ ಮೂಲೆಗೆ ತೂರಿಸಿ, ಮೊಳೆ ಕೀಳುವವನಂತೆ ಒಂದೇ ಸಲ ಮೀಟಿದ. ಮೇಲಿನ ಅಕ್ರಿಲಿಕ್ ಹಾಳೆ ಪಟ್ಟೆಂದು ಅವನ ಕೈಗೆ ಬಂತು, ಒಳಗಿನ ಪ್ರತಿಫಲನದ ಹಾಳೆ ಮಾತ್ರ ಬಂಪರಿನ ಮೇಲೆಯೇ ಉಳಿಯಿತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಹೆಬ್ಬೆರಳಿನ ಉಗುರಿನಷ್ಟು ಬಣ್ಣ ಎದ್ದು ಬೂದು ಪ್ಲಾಸ್ಟಿಕ್ ಕಾಣಿಸತೊಡಗಿತು. ಹೊಸ ಪ್ಲೇಟ್ ಅದನ್ನು ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ ಎಂಬ ಸಮಾಧಾನದ ಮಾತು ಸಿಕ್ಕಿತು. ಆದರೆ ಹೊಸ ಪ್ಲೇಟ್ ಮೂರು ಮಿಲಿಮೀಟರ್ ಮೇಲೆ ಕುಳಿತಿದ್ದರಿಂದ ಆ ಕಲೆಯ ಕೆಳಗಿನ ಅಂಚು ಕಾರು ಮಾರುವವರೆಗೂ ದಿನವೂ ನನ್ನ ಕಣ್ಣಿಗೆ ಬೀಳುತ್ತಿತ್ತು.

ಆ ಹುಡುಗ ಮಾಡಿದ್ದು ಏಕೆ ತಪ್ಪು ಎಂಬುದು ಪ್ಲೇಟ್ ತಯಾರಾಗುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. ಬ್ರಿಟನ್ನಿನ ಸಾಮಾನ್ಯ ಪ್ಲೇಟ್ 520 ಮಿಲಿಮೀಟರ್ ಉದ್ದ, 111 ಮಿಲಿಮೀಟರ್ ಎತ್ತರದ ಪದರಗಳ ಹಲಗೆ. ಮುಂದೆ ಪಾರದರ್ಶಕ ಅಕ್ರಿಲಿಕ್, ಅದರ ಹಿಂದೆ ಅಕ್ಷರಗಳ ಮುದ್ರಣ, ಅದರ ಹಿಂದೆ ಬಿಳಿ ಅಥವಾ ಹಳದಿ ಪ್ರತಿಫಲನದ ಹಾಳೆ, ಇವೆಲ್ಲವನ್ನೂ ಒತ್ತಿ ಒಂದಾಗಿಸಿರುತ್ತಾರೆ. ಕಾರಿಗೆ ಅಂಟಿಸುವ ಫೋಮ್ ಟೇಪ್ ಹಿಡಿದುಕೊಳ್ಳುವುದು ಹಿಂದಿನ ಹಾಳೆಯನ್ನೇ ಹೊರತು ಅಕ್ರಿಲಿಕನ್ನಲ್ಲ. ಆದ್ದರಿಂದ ಮುಂದಿನಿಂದ ಮೀಟಿದಾಗ, ಫೋಮಿನ ಹಿಡಿತ ಪದರಗಳ ನಡುವಿನ ಹಿಡಿತಕ್ಕಿಂತ ಗಟ್ಟಿಯಾಗಿದ್ದರೆ ಪ್ಲೇಟ್ ಸೀಳುತ್ತದೆ, ಬಣ್ಣದ ಹಿಡಿತಕ್ಕಿಂತ ಗಟ್ಟಿಯಾಗಿದ್ದರೆ ಬಣ್ಣ ಏಳುತ್ತದೆ, ಚಳಿಯಲ್ಲಿ ಮೀಟಿದರೆ ಅಕ್ರಿಲಿಕ್ ಗಾಜಿನಂತೆ ಒಡೆಯುತ್ತದೆ. ಕೀಳಬೇಕಾದದ್ದು ಪ್ಲೇಟನ್ನಲ್ಲ, ಪ್ಲೇಟಿಗೂ ಕಾರಿಗೂ ನಡುವೆ ಇರುವ ಒಂದೆರಡು ಮಿಲಿಮೀಟರ್ ಫೋಮನ್ನು ಅಡ್ಡಲಾಗಿ ಕೊಯ್ಯಬೇಕು. ಇಷ್ಟು ತಿಳಿದ ಮೇಲೆಯೇ ನಾನು ಕಿಟ್ ಹುಡುಕಲು ಹೊರಟದ್ದು.

ಆನ್‌ಲೈನಿನಲ್ಲಿ ಹದಿನೈದು ಪೌಂಡಿಗೆ ಒಂದು ಪೆನ್ನಿ ಕಡಿಮೆ ಬೆಲೆಗೆ ಸಿಕ್ಕಿದ ಕಿಟ್‌ನಲ್ಲಿ ಇದ್ದವು ಇಷ್ಟು: ಎರಡು ತುದಿಗೂ ಪ್ಲಾಸ್ಟಿಕ್ ಹಿಡಿ ಕಟ್ಟಿದ ಒಂದು ಮೀಟರ್ ನೈಲಾನ್ ದಾರ, ನಾಲ್ಕು ಪ್ಲಾಸ್ಟಿಕ್ ಬೆಣೆಗಳು, ಕಿತ್ತಳೆ ವಾಸನೆಯ ಅಂಟು ಬಿಡಿಸುವ ದ್ರವದ ಐವತ್ತು ಮಿಲಿಲೀಟರ್ ಸೀಸೆ, ಎರಡು ಸ್ಪಿರಿಟ್ ಒರೆಸುಹಾಳೆ, ಮತ್ತು ಹನ್ನೆರಡು ಬಿಳಿ ಅಂಟುಪಟ್ಟಿಗಳು. ಮಾರುವವರ ಹೆಸರು ಇಲ್ಲಿ ಬೇಡ. ಇಂಥದೇ ಸಾಮಾನುಗಳ ಕಿಟ್‌ಗಳು ಬೇರೆ ಬೇರೆ ಹೆಸರಿನಲ್ಲಿ ಹತ್ತಾರು ಸಿಗುತ್ತವೆ, ಚಿತ್ರಗಳನ್ನು ನೋಡಿದರೆ ಎಲ್ಲವೂ ಒಂದೇ ಮೂಸೆಯಿಂದ ಬಂದಂತೆ ಕಾಣುತ್ತವೆ.

ಪ್ಲೇಟ್ ಕೊಳ್ಳುವುದು ಸುಲಭದ ಕೆಲಸ. ನೋಂದಾಯಿತ ಮಾರಾಟಗಾರರ ಬಳಿ ಚಾಲನಾ ಪರವಾನಗಿಯನ್ನೂ, ವಿ5ಸಿ ಎಂದು ಕರೆಯುವ ವಾಹನದ ಪುಸ್ತಕವನ್ನೂ ತೋರಿಸಿದರೆ ಅಂಗಡಿಯಲ್ಲಿ ನಿಂತಿರುವಾಗಲೇ ಮಾಡಿಕೊಡುತ್ತಾರೆ. ಗಮನಿಸಬೇಕಾದದ್ದು ಒಂದೇ. 2021ರ ಸೆಪ್ಟೆಂಬರ್ 1ರಿಂದ ಹೊಸದಾಗಿ ಹಾಕುವ ಪ್ಲೇಟ್ ಬಿಎಸ್ ಎಯು 145ಇ ಎಂಬ ಮಾನದಂಡಕ್ಕೆ ಒಳಪಟ್ಟಿರಬೇಕು, ಆ ಗುರುತೂ ಮಾರಿದವರ ಹೆಸರೂ ಅವರ ಪೋಸ್ಟ್‌ಕೋಡೂ ಕೆಳಗೆ ಸಣ್ಣಕ್ಷರದಲ್ಲಿ ಇರಬೇಕು. ನೆರಳು ಬಿದ್ದಂತೆ ಎರಡು ಛಾಯೆಯಲ್ಲಿ ಮುದ್ರಿಸಿದ ಅಕ್ಷರಗಳಿಗೆ ಈಗ ಅವಕಾಶವಿಲ್ಲ.

ನಂಬರ್ ಪ್ಲೇಟನ್ನು ಅಂಗಡಿಯಿಂದ ಚೀಲದಲ್ಲಿ ಹಾಕಿಕೊಂಡು ಬಂದು ಮನೆಯಂಗಳದಲ್ಲಿ ಅಂಟಿಸುತ್ತೇನೆ ಎಂದಾಗ ಬೆಂಗಳೂರಿನ ನನ್ನ ತಮ್ಮ ನಂಬಲಿಲ್ಲ. ಅಲ್ಲಿ ಹೊಸ ವಾಹನಗಳಿಗೆ 2019ರ ಏಪ್ರಿಲ್ 1ರಿಂದ ಎಚ್‌ಎಸ್‌ಆರ್‌ಪಿ ಕಡ್ಡಾಯ. ಅದು ಅಲ್ಯೂಮಿನಿಯಂ ತಗಡು, ಹಾಲೋಗ್ರಾಂ ಮತ್ತು ಲೇಸರ್ ಸಂಖ್ಯೆ ಇರುವಂಥದು, ಒಮ್ಮೆ ಬಿಗಿದರೆ ಮುರಿಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕಿನಿಂದ ಕೂಡಿಸಿದ್ದು. ಹಳೆಯ ವಾಹನಗಳಿಗೂ ಅದನ್ನು ಹಾಕಿಸಲು ಕರ್ನಾಟಕದಲ್ಲಿ ಗಡುವಿನ ಮೇಲೆ ಗಡುವು ಮುಂದೆ ಹೋದದ್ದು ಎಲ್ಲರಿಗೂ ನೆನಪಿರುತ್ತದೆ. ಹೀಗಾಗಿ ಊರಿನಲ್ಲಿ ಕಾರು ಇರುವವರು ಈ ಬರಹವನ್ನು ಕುತೂಹಲಕ್ಕಾಗಿ ಓದಬಹುದು, ತಮ್ಮ ಎಚ್‌ಎಸ್‌ಆರ್‌ಪಿಯ ಮೇಲೆ ಪ್ರಯೋಗಿಸಬಾರದು.

ಕಿಟ್ ಡಿಸೆಂಬರಿನಲ್ಲೇ ಬಂದಿತ್ತು, ಆದರೆ ಕೆಲಸಕ್ಕೆ ಕೈ ಹಾಕಿದ್ದು ಏಪ್ರಿಲಿನ ಒಂದು ಶುಕ್ರವಾರ ಮಧ್ಯಾಹ್ನ, ಹೊರಗೆ 17 ಡಿಗ್ರಿ ಇದ್ದಾಗ. ಚಳಿಯಲ್ಲಿ ಫೋಮ್ ಗಟ್ಟಿಯಾಗಿ ಕೊಯ್ಯಲು ಬರುವುದಿಲ್ಲ, ಹೊಸ ಅಂಟೂ ಹಿಡಿಯುವುದಿಲ್ಲ. ಈ ಕಿಟ್‌ನ ಡಬ್ಬಿಯ ಮೇಲೆ ಈ ವಿಷಯದ ಒಂದಕ್ಷರವೂ ಇಲ್ಲ ಎಂಬುದು ನನ್ನ ಮೊದಲ ದೂರು. ಎರಡನೆಯ ದೂರೂ ಸೂಚನೆಯ ಹಾಳೆಯ ಮೇಲೆಯೇ. ಅದರಲ್ಲಿ ನೇರವಾಗಿ ದಾರವನ್ನು ಪ್ಲೇಟಿನ ಹಿಂದೆ ತೂರಿಸಿ ಎಂದಿದೆ. ಏಳು ವರ್ಷ ರಸ್ತೆಯ ಮೇಲೆ ಓಡಿದ ಕಾರಿನ ಪ್ಲೇಟಿನ ಹಿಂದೆ ಮರಳಿನ ಕಣ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಹರಳು, ಸತ್ತ ಹುಳು, ಒಣಗಿದ ಎಲೆಯ ಪುಡಿ ಎಲ್ಲವೂ ಸೇರಿರುತ್ತವೆ. ಅವನ್ನು ಹಾಗೆಯೇ ಬಿಟ್ಟು ದಾರ ಎಳೆದರೆ ನಾವು ಬಣ್ಣವನ್ನು ಮರಳುಕಾಗದದಿಂದ ಉಜ್ಜಿದಂತೆಯೇ. ಆದ್ದರಿಂದ ಮೊದಲು ಕಾರು ತೊಳೆಯುವ ಶಾಂಪೂ ನೀರಿನಿಂದ ಸುತ್ತ ತೊಳೆದು, ಆಮೇಲೆ ಹೋಸ್‌ಪೈಪಿನ ಬಾಯನ್ನು ಬೆರಳಿನಿಂದ ಕಿರಿದು ಮಾಡಿ ಮೇಲಿನ ಸಂದಿನಿಂದ ನೀರು ಹಾಯಿಸಿದೆ. ಕೆಳಗಿನಿಂದ ಕಂದು ಬಣ್ಣದ ನೀರು ಇಳಿದು ಇಳಿದು ತಿಳಿಯಾಗಲು ಎರಡು ನಿಮಿಷ ಹಿಡಿಯಿತು.

ಪ್ಲೇಟಿನ ನಾಲ್ಕೂ ಅಂಚುಗಳಿಗೆ ಅರ್ಧ ಸೆಂಟಿಮೀಟರ್ ಹೊರಗೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿದೆ. ಇದರಿಂದ ಎರಡು ಲಾಭ: ದಾರವೋ ಬೆಣೆಯೋ ಜಾರಿದರೆ ಬಣ್ಣಕ್ಕೆ ತಾಗುವುದಿಲ್ಲ, ಮತ್ತು ಹಳೆಯ ಪ್ಲೇಟ್ ಹೋದ ಮೇಲೂ ಅದರ ಜಾಗದ ಗುರುತು ಉಳಿಯುತ್ತದೆ. ಹೊಸದನ್ನು ಕಣ್ಣಳತೆಯಲ್ಲಿ ಅಂಟಿಸಿ ಒಂದು ಬದಿಗೆ ವಾಲಿಸಿಕೊಂಡವರ ಕಾರುಗಳನ್ನು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ ಬೇಕಾದಷ್ಟು ನೋಡಬಹುದು.

ಬಿಸಿ ಮಾಡಲು ಹೀಟ್ ಗನ್ ಬಳಸಲು ನನಗೆ ಧೈರ್ಯವಾಗಲಿಲ್ಲ. ಅದರ ಬಾಯಿಂದ 500 ಡಿಗ್ರಿಗೂ ಮೀರಿದ ಗಾಳಿ ಬರಬಲ್ಲದು; ಪ್ಲೇಟಿನ ಅಕ್ರಿಲಿಕ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಂಪರುಗಳಿಗೆ ಸಾಮಾನ್ಯವಾಗಿ ಬಳಸುವ ಪಾಲಿಪ್ರೊಪಿಲೀನ್ 160 ಡಿಗ್ರಿಯ ಸುಮಾರಿಗೆ ಕರಗುತ್ತದೆ. ತಲೆ ಒಣಗಿಸುವ ಡ್ರೈಯರ್ ಸಾಕು. ಅದನ್ನು ಹೊರಗೆ ತಂದಾಗ, “ರೀ, ನಾಳೆ ಬೆಳಿಗ್ಗೆ ಅದರಲ್ಲೇ ನಾನು ತಲೆ ಒಣಗಿಸಿಕೊಳ್ಳಬೇಕು, ಅದಕ್ಕೆ ಟಾರಿನ ವಾಸನೆ ಹಿಡಿಸಿ ತರಬೇಡಿ,” ಎಂಬ ಎಚ್ಚರಿಕೆ ಬಾಗಿಲಿನಿಂದ ಬಂತು. ಪ್ಲೇಟಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಒಂದು ತುದಿಯಲ್ಲಿ ಮೂರು ನಿಮಿಷ ಆಡಿಸಿದೆ. ಅಂಗೈ ಇಟ್ಟರೆ ಬಿಸಿ ತಾಗಬೇಕು, ಆದರೆ ಕೈ ತೆಗೆಯುವಂತಾಗಬಾರದು. ನಾನು ಬಳಸಿದ ಥರ್ಮಾಮೀಟರ್ ಅದೊಂದೇ.

ದಾರದ ವಿಷಯದಲ್ಲಿ ಕಿಟ್‌ಗೆ ಪೂರ್ಣ ಅಂಕ ಕೊಡುತ್ತೇನೆ. ಇದಕ್ಕಿಂತ ಮೊದಲು ಹಲ್ಲಿನ ಸಂದು ಶುಚಿ ಮಾಡುವ ಫ್ಲಾಸ್ ದಾರದಿಂದ ಒಂದು ಪ್ರಯತ್ನ ಮಾಡಿ ನೋಡಿದ್ದೆ. ಎಲ್ಲರೂ ಅದನ್ನೇ ಹೇಳುತ್ತಾರೆ, ಆದರೆ ಅದು ನಾಲ್ಕು ಎಳೆತಕ್ಕೆ ನಾರು ನಾರಾಗಿ ಹರಿಯಿತು, ಬೆರಳಿನ ಮೇಲೆ ಬಾಸುಂಡೆ ಮಾತ್ರ ಉಳಿಸಿತು. ಕಿಟ್‌ನ ದಾರ ಒಂದೇ ಎಳೆಯ ನೈಲಾನ್, ಗಾಳದ ದಾರದಂಥದ್ದು. ಹೆಣೆದ ಗಾಳದ ದಾರ ಇದಕ್ಕಿಂತ ಚುರುಕಾಗಿ ಕೊಯ್ಯುತ್ತದೆಯಾದರೂ ಅದು ಬಣ್ಣವನ್ನೂ ಕೊಯ್ಯುವ ಅಪಾಯವಿದೆ. ನುಣುಪಾದ ಒಂಟಿ ಎಳೆ ಫೋಮಿನ ಒಳಗೆ ದಾರಿ ಮಾಡಿಕೊಂಡು ಬಣ್ಣದ ಮೇಲೆ ಜಾರುತ್ತದೆ. ಹಿಡಿಗಳು ಸಾದಾ ಪ್ಲಾಸ್ಟಿಕ್ ಕೊಳವೆಗಳೇ ಆದರೂ ದಾರವನ್ನು ಕೈಗೆ ಸುತ್ತಿಕೊಂಡು ಎಳೆಯುವುದಕ್ಕೂ ಇದಕ್ಕೂ ಅಜಗಜಾಂತರ.

ಈ ಕೆಲಸಕ್ಕೆ ಇಬ್ಬರು ಬೇಕು. ಪಕ್ಕದ ಬೀದಿಯಲ್ಲಿರುವ ದಾವಣಗೆರೆ ಕಡೆಯ ಗೆಳೆಯರೊಬ್ಬರು ಇನ್ನೊಂದು ಹಿಡಿ ಹಿಡಿದರು. ನಾನು ಆತುರದಿಂದ ನನ್ನ ಕಡೆಗೆ ಜಗ್ಗಲು ಹೊರಟಾಗ, “ಸಾವಕಾಶ ಸರ್, ಜಗ್ಗಬ್ಯಾಡ್ರಿ, ಗರಗಸ ಎಳೆದಂಗ ಎಳೀರಿ, ದಾರಾನೇ ಕೆಲಸ ಮಾಡ್ತೈತಿ,” ಎಂದರು. ಅವರ ಮನೆಯಲ್ಲಿ ಮರದ ಕೆಲಸ ಮಾಡುತ್ತಿದ್ದರಂತೆ. ಸೂಚನೆಯ ಹಾಳೆಗಿಂತ ಈ ಒಂದು ಮಾತು ಉಪಯೋಗಕ್ಕೆ ಬಂತು. ದಾರವನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯದೆ, ಪ್ಲೇಟಿನ ಹಿಂಬದಿಗೆ ತಾಗಿಕೊಂಡಿರುವಂತೆ ತುಸು ನಮ್ಮ ಕಡೆಗೆ ಬಾಗಿಸಿ, ಉದ್ದುದ್ದ ಎಳೆತಗಳಲ್ಲಿ ಅತ್ತಿತ್ತ ಆಡಿಸಿದೆವು. ಹೀಗೆ ಬಾಗಿಸುವುದು ಮುಖ್ಯ, ಏಕೆಂದರೆ ಹಳೆಯ ಪ್ಲೇಟಿನ ಹಿಂಬದಿ ಗೀರಿದರೆ ನಷ್ಟವಿಲ್ಲ, ಬಣ್ಣ ಗೀರಿದರೆ ನಷ್ಟವಿದೆ. ಫೋಮಿಗೆ ದಾರ ತಾಗಿದೊಡನೆ ಒಣ ಬಟ್ಟೆ ಹರಿದಂಥ ಸಣ್ಣ ಸದ್ದು ಕೇಳಿಸುತ್ತದೆ, ಕೆಳಗಿನ ಅಂಚಿನಿಂದ ಬೂದು ಬಣ್ಣದ ಪುಡಿ ಉದುರುತ್ತದೆ. ಸದ್ದು ನಿಂತರೆ ಆ ಪಟ್ಟಿ ಮುಗಿಯಿತೆಂದು ಅರ್ಥ. ಒಂದು ಪಟ್ಟಿ ಬಿಟ್ಟ ಕೂಡಲೇ ಆ ಸಂದಿಗೆ ಬೆಣೆಯನ್ನು ಮೀಟುವುದಕ್ಕಲ್ಲ, ಮತ್ತೆ ಅಂಟಿಕೊಳ್ಳದಿರಲಿ ಎಂದು ಮಾತ್ರ ಇಟ್ಟೆವು. ಐದನೆಯ ಪಟ್ಟಿಯ ಹೊತ್ತಿಗೆ ಮತ್ತೆ ಬಿಸಿ ಮಾಡಬೇಕಾಯಿತು. ಎಲ್ಲ ಸೇರಿ ಮುಂದಿನ ಪ್ಲೇಟಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಕೊನೆಯಲ್ಲಿ ಪ್ಲೇಟ್ ತನ್ನ ತೂಕಕ್ಕೆ ತಾನೇ ನನ್ನ ಕೈಗೆ ಬಂತು, ಒಂದು ಬಿರುಕೂ ಇರಲಿಲ್ಲ. ಅದರ ಹಿಂದಿನ ಬಂಪರು ಕಾರಿನ ಉಳಿದ ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗಿ, ಶೋರೂಮಿನಿಂದ ಅಂದೇ ಬಂದಂತೆ ಹೊಳೆಯುತ್ತಿತ್ತು.

ಹಿಂದಿನ ಪ್ಲೇಟ್ ಅಷ್ಟು ಸಲೀಸಾಗಲಿಲ್ಲ. ಅಲ್ಲಿ ಅಂಟಿಸಿರುವುದು ಡಿಕ್ಕಿಯ ಬಾಗಿಲಿನ ಉಕ್ಕಿನ ತಗಡಿಗೆ. ಉಕ್ಕು ಬಿಸಿಯನ್ನು ಬೇಗ ಹೀರಿಕೊಂಡು ಸುತ್ತ ಹರಡಿಬಿಡುವುದರಿಂದ ಮೂರು ನಿಮಿಷದ ಕಡೆ ಆರು ನಿಮಿಷ ಬೇಕು. ಅದಲ್ಲದೆ ಪ್ಲೇಟ್ ಒಂದು ತಗ್ಗಿನಲ್ಲಿ ಕುಳಿತಿದೆ, ಅದರ ಮೇಲೆ ನಂಬರ್ ಪ್ಲೇಟ್ ದೀಪಗಳ ತೆರೆ ಚಾಚಿಕೊಂಡಿದೆ, ಹೀಗಾಗಿ ದಾರವನ್ನು ಮೇಲಿನಿಂದ ಇಳಿಸಲು ಜಾಗವಿಲ್ಲ. ಬದಿಯಿಂದ ತೂರಿಸಿ ಮೇಲೆ ಕೆಳಗೆ ಗರಗಸ ಆಡಿಸಬೇಕು, ಆಗ ನಾನು ಹೇಳಿದ ಆ ಬಾಗು ಕೈಗೆ ಸಿಗುವುದಿಲ್ಲ. ನಡುವಿನ ಪಟ್ಟಿಯ ಹತ್ತಿರ ತಾಳ್ಮೆ ತಪ್ಪಿ, ದಾರದ ಬದಲು ಬೆಣೆಯನ್ನು ಒತ್ತಿ ತಳ್ಳಿದೆ. ಬೆಣೆ ಮೆತ್ತಗಿನ ನೈಲಾನೇ. ಆದರೆ ಅದರ ಮತ್ತು ಬಣ್ಣದ ನಡುವೆ ಯಾವುದೋ ಮರಳಿನ ಕಣ ಉಳಿದಿತ್ತು. ಎರಡು ಸೆಂಟಿಮೀಟರಿನ, ಕೂದಲೆಳೆಯಷ್ಟು ತೆಳುವಾದ ಒಂದು ಗೀರು ಬಿತ್ತು. ತಪ್ಪು ಬೆಣೆಯದಲ್ಲ, ನನ್ನದು. ಹಿಂದಿನ ಪ್ಲೇಟಿನ ಹಿಂದೆ ನೀರು ಹಾಯಿಸುವಾಗ, ಮುಂದಿನದಕ್ಕೆ ಕೊಟ್ಟ ಎರಡು ನಿಮಿಷ ಕೊಟ್ಟಿರಲಿಲ್ಲ.

ಪ್ಲೇಟ್ ಹೋದ ಮೇಲೆ ಉಳಿಯುವ ಅಂಟಿನ ಪದರಕ್ಕೆ ಅವಸರದ ಮದ್ದು ಬೇಡ. ಫೋಮಿನ ಮೇಲೆ ಮತ್ತೆ ಒಂದು ನಿಮಿಷ ಬಿಸಿ ಗಾಳಿ ಬಿಟ್ಟು ಹೆಬ್ಬೆರಳಿನಿಂದ ಅಂಚಿನಿಂದ ಉರುಳಿಸುತ್ತಾ ಬಂದರೆ, ಚಪಾತಿ ಹಿಟ್ಟು ಕೈಯಿಂದ ಬಿಡಿಸಿಕೊಂಡಂತೆ, ಮುಕ್ಕಾಲು ಪಾಲು ಉಂಡೆ ಉಂಡೆಯಾಗಿ ಬರುತ್ತದೆ. ಉಳಿದದ್ದಕ್ಕೆ ಕಿಟ್‌ನ ಕಿತ್ತಳೆ ದ್ರವ ನಿಜಕ್ಕೂ ಒಳ್ಳೆಯದು. ಬಟ್ಟೆಗೆ ಹಾಕಿ ಅಂಟಿನ ಮೇಲೆ ಐದು ನಿಮಿಷ ಬಿಟ್ಟರೆ ಅದು ಜೆಲ್ಲಿಯಂತಾಗಿ ಹಳೆಯ ಬ್ಯಾಂಕ್ ಕಾರ್ಡಿನ ಅಂಚಿಗೆ ಎದ್ದು ಬಂತು. ಐವತ್ತು ಮಿಲಿಲೀಟರಿನಲ್ಲಿ ಎರಡು ಪ್ಲೇಟಿನ ಜಾಗ ಶುಚಿಯಾಗಿ ಇನ್ನೂ ಕಾಲು ಸೀಸೆ ಉಳಿಯಿತು. ಉಗುರು ಬಣ್ಣ ತೆಗೆಯುವ ಅಸಿಟೋನ್ ಮಾತ್ರ ಬಂಪರಿನ ಹತ್ತಿರ ಬರಕೂಡದು, ಅದು ಅಂಟಿನ ಜೊತೆ ಬಣ್ಣವನ್ನೂ ಕರಗಿಸುತ್ತದೆ. ಹಾಗೆಯೇ ಯಾವ ದ್ರಾವಕವನ್ನೂ ಪ್ಲೇಟಿನ ಮುಖದ ಅಕ್ರಿಲಿಕ್‌ಗೆ ತಾಗಿಸಬಾರದು. ಸ್ಪಿರಿಟ್ ಕೂಡ ಅದರ ಕೊರೆದ ಅಂಚುಗಳಲ್ಲಿ ಕೂದಲಿನಂಥ ಬಿರುಕುಗಳನ್ನು ಎಬ್ಬಿಸಬಲ್ಲದು. ಈ ಕಿತ್ತಳೆ ದ್ರವ ಒಂದು ಬಗೆಯ ಎಣ್ಣೆಯ ಪಸೆಯನ್ನು ಬಿಟ್ಟುಹೋಗುತ್ತದೆ. ಕೈಗೆ ಅದು ತಿಳಿಯುವುದೇ ಇಲ್ಲ, ಆದರೆ ಹೊಸ ಅಂಟಿಗೆ ಅದು ಶತ್ರು. ಶಾಂಪೂ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿದ ಒರೆಸು, ಇವೆರಡೂ ಆಗಲೇಬೇಕು. ಕಿಟ್‌ನ ಎರಡು ಒರೆಸುಹಾಳೆಗಳು ಒಂದು ಪ್ಲೇಟಿಗೂ ಸಾಲಲಿಲ್ಲ.

ಇನ್ನು ಆ ಹನ್ನೆರಡು ಬಿಳಿ ಪಟ್ಟಿಗಳು. ಇವನ್ನು ನಾನು ಚಳಿಗಾಲದಲ್ಲೇ ಪರೀಕ್ಷೆಗೆ ಒಡ್ಡಿದ್ದೆ. ಮೊದಲು ಒಂದು ಮರದ ತುಂಡನ್ನು ಹೊರಗಿನ ಚಕ್ರದ ಕಸದ ಡಬ್ಬಿಗೆ ಅಂಟಿಸಿದೆ, ಬೆಳಗಾಗುವುದರೊಳಗೆ ಬಿದ್ದಿತ್ತು. ಪಟ್ಟಿಯನ್ನು ಬೈಯುವ ಮೊದಲು ಹೊಳೆದದ್ದೇನೆಂದರೆ, ಆ ಡಬ್ಬಿ ಪಾಲಿಥೀನ್. ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಅದು ಪಟ್ಟಿಗೆ ಮಾಡಿದ ಅನ್ಯಾಯ. (ಬಣ್ಣ ಬಳಿಯದ, ತರಿತರಿಯಾದ ಕಪ್ಪು ಪ್ಲಾಸ್ಟಿಕ್ ಬಂಪರ್ ಇರುವವರಿಗೂ ಇದೇ ತೊಂದರೆ, ಅಂಥವರು ಅಂಟಿಸುವ ಮುನ್ನ ಪ್ರೈಮರ್ ಬಳಿಯಬೇಕು, ಇಲ್ಲವೇ ಸ್ಕ್ರೂ ಹಾಕಬೇಕು.) ಆಮೇಲೆ ಹಳೆಯ ಓವನ್ ತಟ್ಟೆಯ ಮೇಲೆ, ಚೆನ್ನಾಗಿ ಒರೆಸಿ, ಮನೆಯೊಳಗೆ ಅಂಟಿಸಿ ಮೂರು ದಿನ ಬಿಟ್ಟು ಹೊರಗಿಟ್ಟೆ. ಹತ್ತನೆಯ ದಿನ ಅಂಟು ಬಿಟ್ಟಿರಲಿಲ್ಲ, ಫೋಮೇ ನಡುವೆ ಸೀಳಿತ್ತು. ಬೆರಳಿನಿಂದ ಹಿಂಜಿದರೆ ಬ್ರೆಡ್ಡಿನಂತೆ ಪುಡಿಯಾಗುವ ಅಗ್ಗದ ಫೋಮ್ ಅದು. ಒಳ್ಳೆಯ ಅಕ್ರಿಲಿಕ್ ಫೋಮನ್ನು ಎಳೆದರೆ ಅದು ಹಿಗ್ಗುತ್ತದೆ, ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ, ಹರಿಯುವುದಿಲ್ಲ. ಬಾಗಿದ ಬಂಪರಿನ ಮೇಲೆ ಚಪ್ಪಟೆ ಪ್ಲೇಟ್ ಹಾಕಿದಾಗ ಅದರ ಎರಡು ತುದಿಗಳು ಹಗಲೂ ರಾತ್ರಿ ಹೊರಕ್ಕೆ ಎಳೆಯುತ್ತಲೇ ಇರುತ್ತವೆ. ಹಿಗ್ಗಬಲ್ಲ ಫೋಮ್ ಮಾತ್ರ ಆ ಎಳೆತವನ್ನು ತಾಳಿಕೊಳ್ಳುತ್ತದೆ. ಆ ಬಿಳಿ ಪಟ್ಟಿಗಳನ್ನು ಕಸಕ್ಕೆ ಹಾಕಿ, ತ್ರೀಎಂ ಕಂಪನಿಯ ವಿಎಚ್‌ಬಿ ಎಂಬ ಅಕ್ರಿಲಿಕ್ ಫೋಮ್ ಟೇಪಿನ ಒಂದು ಸುರುಳಿ ಬೇರೆಯಾಗಿ ತರಿಸಿಕೊಂಡೆ.

ಆ ಟೇಪಿನ ವಿಷಯದಲ್ಲಿ ತಯಾರಕರು ಕೊಡುವ ಲೆಕ್ಕ ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 55 ಚದರ ಸೆಂಟಿಮೀಟರ್ ಟೇಪು. ಅಡುಗೆಮನೆಯ ತಕ್ಕಡಿಯಲ್ಲಿ ನನ್ನ ಪ್ಲೇಟ್ ಇನ್ನೂರು ಗ್ರಾಂಗಿಂತ ಸ್ವಲ್ಪವೇ ಹೆಚ್ಚು ತೂಗಿತು. ಅಂದರೆ ಬರೀ ಭಾರ ಹೊರಲು ಹನ್ನೆರಡು ಚದರ ಸೆಂಟಿಮೀಟರ್, ಅಂದರೆ 25 ಮಿಲಿಮೀಟರ್ ಅಗಲ 50 ಮಿಲಿಮೀಟರ್ ಉದ್ದದ ಒಂದೇ ತುಂಡು ಸಾಕು. ನಾನು ಅಂಥ ಆರು ತುಂಡು ಹಾಕಿದೆ. ಗಾಳಿಯ ಹೊಡೆತ, ಜೆಟ್ ವಾಶಿನ ನೀರು, ಬಂಪರಿನ ಬಾಗು, ಪಾರ್ಕಿಂಗಿನಲ್ಲಿ ಯಾರೋ ಮೊಣಕಾಲು ತಾಗಿಸುವುದು, ಇವು ಯಾವುವೂ ಆ ಲೆಕ್ಕದಲ್ಲಿ ಸೇರಿಲ್ಲ. ಆದರೆ ಹಿಂಬದಿಯೆಲ್ಲ ತುಂಬುವಂತೆ ಅಂಟಿಸುವುದೂ ಬುದ್ಧಿವಂತಿಕೆಯಲ್ಲ, ಮುಂದೊಂದು ದಿನ ಅದನ್ನು ಬಿಡಿಸಬೇಕಾದವರೂ ನಾವೇ. ತುಂಡುಗಳನ್ನು ನಿಲುವಾಗಿ, ಎರಡು ತುದಿಗಳಲ್ಲಿ ತಲಾ ಎರಡು, ನಡುವೆ ಎರಡು ಎಂದು ಇಟ್ಟೆ. ಅಡ್ಡಲಾಗಿ ಇಟ್ಟರೆ ಮೇಲಿನಿಂದ ಇಳಿದ ನೀರು ಮತ್ತು ಕಸ ಪಟ್ಟಿಯ ಮೇಲೆ ಕುಳಿತುಬಿಡುತ್ತವೆ.

ಈ ಟೇಪಿನ ಒಂದು ಗುಣ ಕಷ್ಟಕ್ಕೆ ಸಿಕ್ಕಿಸಬಲ್ಲದು: ಒಮ್ಮೆ ತಾಗಿದರೆ ಸರಿಪಡಿಸಲು ಅವಕಾಶವಿಲ್ಲ. ಅದಕ್ಕಾಗಿ ಪ್ರತಿ ತುಂಡಿನ ಮೇಲಿನ ಕೆಂಪು ಹೊದಿಕೆಯನ್ನು ಒಂದು ಸೆಂಟಿಮೀಟರ್ ಮಾತ್ರ ಬಿಡಿಸಿ, ಆ ತುದಿಯನ್ನು ಪ್ಲೇಟಿನ ಅಂಚಿನಿಂದ ಹೊರಕ್ಕೆ ಮಡಚಿಟ್ಟೆ. ಪ್ಲೇಟನ್ನು ಮಾಸ್ಕಿಂಗ್ ಟೇಪಿನ ಗುರುತಿಗೆ ಸರಿಯಾಗಿ ಹಿಡಿದು, ಗೆಳೆಯರು ದೂರ ನಿಂತು ನೋಡಿ ತಲೆಯಾಡಿಸಿದ ಮೇಲೆ, ನಡುವಿನಿಂದ ಶುರುಮಾಡಿ ಒಂದೊಂದೇ ಹೊದಿಕೆಯನ್ನು ಹೊರಕ್ಕೆ ಎಳೆಯುತ್ತಾ ಅಲ್ಲಲ್ಲೇ ಒತ್ತಿದೆ. ಸೋಪಿನ ನೀರು ಚಿಮುಕಿಸಿಕೊಂಡರೆ ಜರುಗಿಸಿಕೊಳ್ಳಬಹುದು ಎಂದು ಹೇಳುವವರಿದ್ದಾರೆ. ಇಷ್ಟು ಹೊತ್ತು ಒರೆಸಿ ಒಣಗಿಸಿದ ಜಾಗಕ್ಕೆ ಮತ್ತೆ ಸೋಪು ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಪ್ರತಿ ತುಂಡಿನ ಮೇಲೂ ಅಂಗೈ ಬುಡದಿಂದ ಹದಿನೈದು ಎಣಿಸುವವರೆಗೆ ಒತ್ತಿ ಹಿಡಿದೆ. ಈ ಟೇಪು ಒತ್ತಡಕ್ಕೆ ಹಿಡಿಯುವಂಥದು, ಒಣಗುವುದರಿಂದ ಹಿಡಿಯುವಂಥದಲ್ಲ.

ಕೋಣೆಯ ಉಷ್ಣತೆಯಲ್ಲಿ ಇದರ ಬಲ ಇಪ್ಪತ್ತು ನಿಮಿಷದಲ್ಲಿ ಅರ್ಧದಷ್ಟು, 24 ಗಂಟೆಗೆ ಶೇಕಡ 90ರಷ್ಟು ಬರುತ್ತದೆ, ಪೂರ್ತಿ ಬಲಕ್ಕೆ 72 ಗಂಟೆ ಬೇಕು. ಶುಕ್ರವಾರವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಸೋಮವಾರ ಸಂಜೆಯವರೆಗೆ ಕಾರು ಅಂಗಳ ಬಿಟ್ಟು ಕದಲಲಿಲ್ಲ, ಮಕ್ಕಳ ಈಜಿನ ತರಗತಿಗೆ ಬಸ್ಸಿನಲ್ಲಿ ಹೋದೆವು. ಮೊದಲ ರಾತ್ರಿ ಎರಡು ತುದಿಗಳಿಗೂ ಮಾಸ್ಕಿಂಗ್ ಟೇಪನ್ನು ಬಂಪರಿಗೆ ಸೇರಿಸಿ ಅಂಟಿಸಿದ್ದೆ, ಬಾಗು ಎಳೆಯದಿರಲಿ ಎಂದು. ಹಳೆಯ ಪ್ಲೇಟುಗಳನ್ನು ಅಂದೇ ಗರಗಸದಿಂದ ಕೊಯ್ದು ತುಂಡು ಮಾಡಿದೆ. ಇಡಿಯಾಗಿ ಕಸಕ್ಕೆ ಹಾಕಿದ ಪ್ಲೇಟನ್ನು ಬೇರೆ ಯಾರೋ ತಮ್ಮ ಕಾರಿಗೆ ಹಾಕಿಕೊಂಡರೆ, ಕ್ಯಾಮೆರಾ ಹಿಡಿದ ವೇಗದ ದಂಡಗಳೂ ಲಂಡನ್ನಿನ ಪ್ರವೇಶ ಶುಲ್ಕಗಳೂ ನಮ್ಮ ಮನೆಯ ವಿಳಾಸಕ್ಕೇ ಬರುತ್ತವೆ.

ಕಳ್ಳರ ಮಾತು ಬಂದದ್ದರಿಂದ ಹೇಳುತ್ತೇನೆ: ಬೀದಿಯಲ್ಲೇ ರಾತ್ರಿ ಕಾರು ನಿಲ್ಲಿಸುವವರು, ಅದರಲ್ಲೂ ಪ್ಲೇಟ್ ಕಳವು ಆಗುವ ಬಡಾವಣೆಯವರು, ವಿಶೇಷ ತಲೆಯ ಭದ್ರತಾ ಸ್ಕ್ರೂಗಳನ್ನೇ ಹಾಕಿಸಿಕೊಳ್ಳುವುದು ಮೇಲು. ನಾನು ಇಪ್ಪತ್ತೈದು ನಿಮಿಷದಲ್ಲಿ ನಾಜೂಕಾಗಿ ಮಾಡಿದ್ದನ್ನು ಬಣ್ಣದ ಚಿಂತೆಯಿಲ್ಲದವನು ಅರ್ಧ ನಿಮಿಷದಲ್ಲಿ ಮಾಡುತ್ತಾನೆ. ಬಂಪರಿನಲ್ಲಿ ರಂಧ್ರ ಕೊರೆಯಲು ಇಷ್ಟವಿಲ್ಲದವರಿಗೆ, ಮತ್ತು ಪ್ಲೇಟಿನ ಹಿಂದೆ ರಾಡಾರೋ ಸೆನ್ಸರೋ ವೈರುಗಳೋ ಇರಬಹುದಾದ ಹೊಸ ಕಾರಿನವರಿಗೆ ಅಂಟೇ ಸೂಕ್ತ.

ಒಟ್ಟಿನಲ್ಲಿ ಈ ಕಿಟ್‌ಗೆ ಐದರಲ್ಲಿ ಮೂರು. ದಾರ, ಬೆಣೆ, ದ್ರವ ಈ ಮೂರಕ್ಕಾಗಿ ಕೊಳ್ಳಬಹುದು. ಒರೆಸುಹಾಳೆ ಮತ್ತು ಪಟ್ಟಿಗಳನ್ನು ಇಲ್ಲವೆಂದೇ ಲೆಕ್ಕ ಹಾಕಿಕೊಳ್ಳಬೇಕು. ಮೀನುಗಾರಿಕೆಯ ಸಾಮಾನಿನ ಅಂಗಡಿ ಹತ್ತಿರವಿರುವವರು ಗಾಳದ ದಾರವನ್ನೂ ಎರಡು ಪೆನ್ಸಿಲ್‌ಗಳನ್ನೂ ಇಟ್ಟುಕೊಂಡು ಅರ್ಧ ಬೆಲೆಯಲ್ಲಿ ಇದೇ ಕೆಲಸ ಮುಗಿಸಬಹುದು. ಟೇಪಿಗೆ ಮಾತ್ರ ನಾನು ಐದಕ್ಕೆ ಐದು ಕೊಡುತ್ತೇನೆ.

ಈಗ ಏಳು ತಿಂಗಳಾಗಿದೆ. ಬೇಸಿಗೆಯ ಬಿಸಿಲು ಕಂಡಿದೆ, ನಾಲ್ಕು ಸಲ ಜೆಟ್ ವಾಶ್ ಆಗಿದೆ, ಮೊದಲ ಹಿಮದ ಮುಂಜಾವೂ ಬಂದು ಹೋಯಿತು. ಬಂಪರಿಗೂ ಪ್ಲೇಟಿನ ತುದಿಗೂ ನಡುವಿನ ಸಂದು ಅಂಟಿಸಿದ ದಿನ ಎಷ್ಟಿತ್ತೋ ಅಷ್ಟೇ ಇದೆ. ಹೋದ ವಾರ ಮತ್ತೆ ಎಂಒಟಿಗೆ ಹೋದಾಗ ಹಿಂದಿನ ಸಲ ಸಲಹೆ ಬರೆದವರೇ ಇದ್ದರು. ಬಾಗಿ, ಹಿಂದಿನ ಪ್ಲೇಟಿನ ಅಂಚನ್ನು ಹಿಡಿದು ಎರಡು ಸಲ ಅಲುಗಿಸಿ ನೋಡಿ, ಏನೂ ಹೇಳದೆ ಟೈರುಗಳ ಕಡೆಗೆ ಹೋದರು. ಅವರ ಬೆರಳು ಹಿಡಿದಿದ್ದ ಜಾಗದಿಂದ ಒಂದು ಗೇಣು ಬಲಕ್ಕೆ, ಪ್ಲೇಟಿನ ಹಿಂದೆ, ಆ ಎರಡು ಸೆಂಟಿಮೀಟರ್ ಗೀರು ಹಾಗೆಯೇ ಇದೆ.